381 ದಿವಸ ಬಸ್ ಹತ್ತದ ಮಂದಿ ಕೆಲಸಕ್ಕ ಹೆಂಗ ಹೋದ್ರು? (ಮಾಂಟ್ಗೊಮರಿ, 1955–56)

ಡಿಪೋಕಾಕಾ (ಹುಬ್ಬಳ್ಳಿ, ಸದ್ಯ ಅಲಬಾಮಾ)

ಎಲ್ಲಾರಿಗೂ ನಮಸ್ಕಾರ್ರಿ. ಇತಿಹಾಸ ನನ್ನ ವಿಷಯ ಅಲ್ಲ, ನಾ ಬಸ್ಸಿನಂವ. 31 ವರ್ಷ ಡಿಪೋದಾಗ ದುಡದೀನಿ. ಮೊದಲ ಕಂಡಕ್ಟರ್, ಆಮ್ಯಾಲೆ ಟಿ.ಸಿ., ರಿಟೈರ್ ಆಗೂ ಹೊತ್ತಿಗೆ ಟ್ರಾಫಿಕ್ ಇನ್‌ಸ್ಪೆಕ್ಟರ್. ಈಗ ಎರಡು ತಿಂಗಳಿಂದ ಮಗನ ಮನ್ಯಾಗ ಅದೀನಿ, ಇಲ್ಲೆ ಮಾಂಟ್ಗೊಮರಿ ಊರಾಗ. ಅಂವಗ ಕಾರಿನ ಬಿಡಿಭಾಗದ ಫ್ಯಾಕ್ಟರಿಯೊಳಗ ಕೆಲಸ.

ಹೋದ ಶನಿವಾರ ಮಗಾ-ಸೊಸಿ ರೋಸಾ ಪಾರ್ಕ್ಸ್ ಮ್ಯೂಸಿಯಮ್ಮಿಗೆ ಕರಕೊಂಡು ಹೋಗಿದ್ರು. 1955ರ ಡಿಸೆಂಬರ್ 1ಕ್ಕ ಆ ಹೆಣ್ಣುಮಗಳನ್ನ ಪೊಲೀಸರು ಹಿಡದ ಜಾಗಾದಾಗನ ಕಟ್ಯಾರ. ಒಳಗ ಆಗಿನ ಬಸ್ಸಿನಂಥದ್ದ ಒಂದು ಬಸ್ ಮಾಡಿಟ್ಟಾರ. ಮಕ್ಕಳೆಲ್ಲಾ ಗ್ವಾಡಿ ಮ್ಯಾಲಿನ ಚಿತ್ರ ನೋಡಿದ್ರ ನಾ ಬಾಗಲಾ ನೋಡಕೋತ ನಿಂತೆ. 36 ಸೀಟಿನ ಗಾಡಿ. ಮುಂದಿನ 10 ಸೀಟು ಬಿಳಿ ಮಂದೀದು, ಹಿಂದಿನ 10 ಕಪ್ಪು ಮಂದೀದು, ನಡುವಿನ 16 ಡ್ರೈವರನ ಮರ್ಜಿ. ಪಾರ್ಕ್ಸ್ ಕುಂತಿದ್ದು ಆ ನಡುವಿನ ಸೀಟಿನಾಗ. ಒಬ್ಬ ಬಿಳಿಯ ಹತ್ತಿದ ಅಂತ ಆ ಸಾಲಿನಾಗ ಕುಂತ ನಾಲ್ಕೂ ಮಂದಿ ಏಳಬೇಕಿತ್ತಂತ. ಮೂರು ಮಂದಿ ಎದ್ದ್ರು, ಆಕಿ ಏಳಲಿಲ್ಲ.

ಇನ್ನೊಂದು ನೋಡ್ರಿ. ಕಪ್ಪು ಮಂದಿ ಮುಂದಿನ ಬಾಗಲದಾಗ ರೊಕ್ಕಾ ಕೊಟ್ಟು, ಕೆಳಗ ಇಳದು, ಹಿಂದಿನ ಬಾಗಲದಿಂದ ಹತ್ತಬೇಕು. ಅವರು ಹಿಂದಕ್ಕ ಹೋಗೂದ್ರೊಳಗ ಒಬ್ಬೊಬ್ಬ ಡ್ರೈವರ್ ಗಾಡಿ ಬಿಟ್ಟು ಹೊಂಟಬಿಡ್ತಿದ್ದ. ರೊಕ್ಕಾ ಇಸ್ಕೊಂಡು ಪ್ಯಾಸೆಂಜರನ್ನ ರಸ್ತೆ ಮ್ಯಾಲೆ ಬಿಟ್ಟು ಹೋಗೂದು! ಇದನ್ನ ಓದಿ ನನಗ ಬಂದ ಸಿಟ್ಟು ಇನ್ನೂ ಇಳದಿಲ್ಲ.

ಈಗ ನನ್ನ ಪ್ರಶ್ನೆ. ಅರೆಸ್ಟ್ ಆಗಿದ್ದು ಗುರುವಾರ ಸಂಜಿಕೆ. ಅದಕ್ಕ ಸಿಟ್ಟಾಗಿ ಕಪ್ಪು ಮಂದಿ ಬಸ್ ಹತ್ತೂದ ಬಿಟ್ಟ್ರು, ಸೋಮವಾರ ಮುಂಜಾನೆ ಬಸ್ ಖಾಲಿ. ಸುಮಾರು 40,000 ಮಂದಿ, 381 ದಿವಸ. ನಮ್ಮ ಸವದತ್ತಿ ಯಲ್ಲಮ್ಮನ ಜಾತ್ರಿಗೆ ಎಕ್ಸ್‌ಟ್ರಾ ಗಾಡಿ ಹೊಂದಸಾಕ ತಿಂಗಳ ಮೊದಲ ಮೀಟಿಂಗ್ ಚಾಲೂ ಆಗ್ತಿದ್ವು. ಯಾವ ಡಿಪೋದಿಂದ ಎಷ್ಟು ಗಾಡಿ, ಡ್ರೈವರಗೋಳ ಊಟ ಎಲ್ಲಿ, ಡೀಸೆಲ್ ಎಲ್ಲಿ ಅಂತ. ಅಷ್ಟು ಮಾಡಿದ್ರೂ ಹುಣ್ಣಿಮಿ ದಿನ ಮಂದಿ ಟಾಪ್ ಮ್ಯಾಲೆ. ಅದೂ ಸರ್ಕಾರ ನಮ್ಮ ಬೆನ್ನಿಗಿದ್ದಾಗ. ಇವರಿಗೆ ಸರ್ಕಾರನ ಎದುರು.

ಬಸ್ ಬಂದ್ ಆಗಿದ್ದು ನಾ ಭಾಳ ಸಲ ನೋಡೀನಿ. ಆದ್ರ ಬಸ್ ಟೈಮಿಗೆ ಸರಿಯಾಗಿ ಬಂದು, ಬಾಗಲಾ ತಗದು ನಿಂತು, ಮಂದಿ ಅದರ ಮಾರಿ ಸೈತ ನೋಡದ ಹೋಗೂದು ನಾ ಕಂಡಿಲ್ಲ. ಎಲ್ಲಾರೂ ನಡಕೋತ ಹೋದ್ರು ಅಂತ ಹೇಳ್ತಾರ. ಭಾಳ ಮಂದಿ ನಡದಿರಬೇಕು. ಆದ್ರ ಆರು ಮೈಲಿ ದೂರ ಅಡಗಿ ಕೆಲಸಕ್ಕ ಹೋಗೂ ಮುದುಕಿ ವರ್ಷಗಟ್ಲೆ ನಡೀತಾಳೇನ್ರಿ? ಅಲ್ಲೆ ಒಂದು ಹಳೇ ಸ್ಟೇಷನ್ ವ್ಯಾಗನ್ ಇಟ್ಟಾರ, ಅದನ್ನ ನೋಡೇ ನನ್ನ ತಲಿಯೊಳಗ ಹುಳ ಹೊಕ್ಕೈತಿ. ಟ್ರಿಪ್ ಹಚ್ಚಿದವರು ಯಾರು? ಪರ್ಮಿಟ್? ಇನ್ಶೂರೆನ್ಸ್? ಪೆಟ್ರೋಲಿಗೆ ರೊಕ್ಕಾ? ತಿಳದವರು ಹೇಳ್ರಿ.

---

ಚಾಕ್‌ಪೀಸ್ (ಮೈಸೂರು)

ಇದು ನಾಲ್ಕು ದಿನದಲ್ಲಿ ಆದದ್ದಲ್ಲ ಸರ್. ನಾನು ಪದವಿ ಕಾಲೇಜಿನಲ್ಲಿ ಅಮೆರಿಕದ ಇತಿಹಾಸ ಪಾಠ ಮಾಡುತ್ತೇನೆ. ಪ್ರತಿ ವರ್ಷವೂ ಮಕ್ಕಳು "ಸುಸ್ತಾದ ದರ್ಜಿಯೊಬ್ಬಳು ಸೀಟು ಬಿಡಲಿಲ್ಲ, ಮಾರ್ಟಿನ್ ಲೂಥರ್ ಕಿಂಗ್ ಭಾಷಣ ಮಾಡಿದರು, ಗೆದ್ದರು" ಎಂದು ಬರೆದಿಟ್ಟಿರುತ್ತಾರೆ. ಕೆಂಪು ಪೆನ್ನು ಹಿಡಿದು ಹಿಡಿದು ಸಾಕಾಗಿದೆ.

ಮಾಂಟ್ಗೊಮರಿಯಲ್ಲಿ ಮಹಿಳಾ ರಾಜಕೀಯ ಮಂಡಳಿ ಎಂಬ ಗುಂಪೊಂದಿತ್ತು. 1946ರಲ್ಲಿ ಮೇರಿ ಫೇರ್ ಬರ್ಕ್ಸ್ ಕಟ್ಟಿದ್ದು. ಹೆಚ್ಚಿನವರು ನನ್ನ ಹಾಗೆ ಮೇಡಂಗಳೇ, ಅಲ್ಲಿನ ಕಪ್ಪು ಜನರ ಕಾಲೇಜಾದ ಅಲಬಾಮಾ ಸ್ಟೇಟ್‌ನಲ್ಲೋ ಶಾಲೆಗಳಲ್ಲೋ ಪಾಠ ಮಾಡುವವರು. ಆ ಕಾಲೇಜಿಗೆ ಇಂಗ್ಲಿಷ್ ಕಲಿಸಲು ಬಂದ ಜೋ ಆ್ಯನ್ ರಾಬಿನ್‌ಸನ್, 1949ರ ಕ್ರಿಸ್‌ಮಸ್ ರಜೆಗೆ ಊರಿಗೆ ಹೊರಟಾಗ ಬಹುತೇಕ ಖಾಲಿಯಿದ್ದ ಬಸ್ಸಿನಲ್ಲಿ ಗೊತ್ತಿಲ್ಲದೆ ಮುಂದಿನ ಭಾಗದಲ್ಲಿ ಕುಳಿತರು. ಡ್ರೈವರ್ ಕೈ ಎತ್ತಿಕೊಂಡೇ ಬಂದ. ಅಳುತ್ತಾ ಇಳಿದುಹೋದರು. ಮುಂದೆ ಮಂಡಳಿಯ ಅಧ್ಯಕ್ಷೆಯಾದಾಗ ಬಸ್ಸಿನ ವಿಷಯವನ್ನು ಕೈಬಿಡಲೇ ಇಲ್ಲ. 1954ರ ಮೇ 21ರಂದು ಮೇಯರ್ ಗೇಲ್‌ಗೆ ಒಂದು ಪತ್ರ ಬರೆದರು: ಬಸ್ಸಿನ ಪ್ರಯಾಣಿಕರಲ್ಲಿ ಮುಕ್ಕಾಲು ಪಾಲು ನಾವೇ, ನಾವು ಹತ್ತದಿದ್ದರೆ ಬಸ್ಸು ನಡೆಯದು, ಬಹಿಷ್ಕಾರದ ಮಾತು ಊರಲ್ಲಿ ಆಗಲೇ ಶುರುವಾಗಿದೆ ಅಂತ. ಪಾರ್ಕ್ಸ್ ಬಂಧನಕ್ಕಿಂತ ಒಂದೂವರೆ ವರ್ಷ ಮೊದಲು!

1955ರ ಮಾರ್ಚ್ 2ರಂದು ಕ್ಲಾಡೆಟ್ ಕಾಲ್ವಿನ್ ಎಂಬ 15 ವರ್ಷದ ಹುಡುಗಿಯನ್ನು ಇದೇ ಕಾರಣಕ್ಕೆ ಬಸ್ಸಿನಿಂದ ಎಳೆದೊಯ್ದರು. ಆಗಲೇ ಶುರು ಮಾಡೋಣ ಎಂದವರಿದ್ದರು, ಬೇಡ ಎಂದವರೂ ಇದ್ದರು. ಈ ಕಾಯುವಿಕೆಯ ಬಗ್ಗೆ ನನಗೆ ಸ್ವಲ್ಪ ಬೇಸರವೇ ಇದೆ. ಆ ಹುಡುಗಿಯ ಹೆಸರು ಎಷ್ಟೋ ವರ್ಷ ಪಠ್ಯಪುಸ್ತಕದಲ್ಲೇ ಇರಲಿಲ್ಲ.

ಇನ್ನು ನಿಮ್ಮ ಗುರುವಾರ ರಾತ್ರಿ. ಬಂಧನದ ಸುದ್ದಿ ತಿಳಿದ ಮೇಲೆ ರಾಬಿನ್‌ಸನ್ ನಡುರಾತ್ರಿ ಕಾಲೇಜಿಗೆ ಹೋದರು. ಜೊತೆಗೆ ಒಬ್ಬ ಸಹೋದ್ಯೋಗಿ, ಇಬ್ಬರು ವಿದ್ಯಾರ್ಥಿಗಳು. ಒಂದು ಹಾಳೆಯಲ್ಲಿ ಒಂದೇ ಒಕ್ಕಣೆಯನ್ನು ಮೂರು ಸಲ ಟೈಪ್ ಮಾಡಿ, ಕಾಲೇಜಿನ ಸೈಕ್ಲೋಸ್ಟೈಲ್ ಯಂತ್ರದಲ್ಲಿ ಒತ್ತಿ, ಕತ್ತರಿಸಿ, ಕಂತೆ ಕಟ್ಟಿದರು. ಸೋಮವಾರ ಬಸ್ ಹತ್ತಬೇಡಿ ಎಂಬ ಕರಪತ್ರ, ಹತ್ತಾರು ಸಾವಿರ ಪ್ರತಿ. (ಸ್ಟೆನ್ಸಿಲ್ ಕೊರೆದು ಸೈಕ್ಲೋಸ್ಟೈಲ್ ಮಾಡಿದವರಿಗೆ ಗೊತ್ತು, ಐನೂರು ಪ್ರತಿಗೇ ಮೊಣಕೈ ತನಕ ಮಸಿ.) ಬೆಳಗಿನ ಜಾವದ ಹೊತ್ತಿಗೆ ಮುಗಿಯಿತು. ಎಂಟಕ್ಕೆ ಅವರಿಗೆ ಕ್ಲಾಸಿತ್ತು, ತಪ್ಪಿಸಲಿಲ್ಲ. ಪಾಠ ಮುಗಿಸಿ ಊರೆಲ್ಲ ಸುತ್ತಿ ಶಾಲೆ, ಅಂಗಡಿ, ಕ್ಷೌರದಂಗಡಿಗಳಿಗೆ ಕಂತೆ ತಲುಪಿಸಿದರು. ಕಾಲೇಜಿನ ಕಾಗದ ಬಳಸಿದ್ದಕ್ಕೆ ಮಂಡಳಿಯಿಂದ ದುಡ್ಡು ಕಟ್ಟಿದರು, ಅದೂ ಲೆಕ್ಕದಲ್ಲಿದೆ.

ಟ್ರಿಪ್ಪಿನ ವಿಷಯ. ಮೊದಲ ದಿನಗಳಲ್ಲಿ ಕಪ್ಪು ಜನರ ಟ್ಯಾಕ್ಸಿಗಳು ಬಸ್ಸಿನ ದರಕ್ಕೇ, ಅಂದರೆ 10 ಸೆಂಟಿಗೆ, ಜನರನ್ನು ಒಯ್ದವು. ಟ್ಯಾಕ್ಸಿಯ ಕನಿಷ್ಠ ದರ 45 ಸೆಂಟ್ ಎಂಬ ನಗರದ ಕಾನೂನನ್ನು ಪೊಲೀಸರು ತಕ್ಷಣ ಹೊರಗೆ ತೆಗೆದರು. ಆಗ ಬಹಿಷ್ಕಾರದ ಮುಂದಾಳಾಗಿದ್ದ ಪಾದ್ರಿ ಕಿಂಗ್ ಅವರು ಲೂಸಿಯಾನಾದ ಬ್ಯಾಟನ್ ರೂಜ್‌ನಲ್ಲಿದ್ದ ಪಾದ್ರಿ ಟಿ.ಜೆ. ಜೆಮಿಸನ್‌ಗೆ ಫೋನ್ ಮಾಡಿದರು. ಅಲ್ಲಿ 1953ರ ಜೂನ್‌ನಲ್ಲೇ ಇಂಥ ಬಹಿಷ್ಕಾರ ನಡೆದಿತ್ತು, ಸ್ವಂತ ಕಾರುಗಳಲ್ಲಿ ಜನರನ್ನು ಸಾಗಿಸಿದ್ದರು. ಅದೇ ಮಾದರಿ ಇಲ್ಲಿಗೂ ಬಂತು. ಸುಮಾರು 300 ಕಾರು, ಬೆಳಿಗ್ಗೆ ಜನರನ್ನು ಹತ್ತಿಸಿಕೊಳ್ಳಲು 48 ಜಾಗ, ಸಂಜೆ ವಾಪಸ್ಸಿಗೆ 42. ಪೇಟೆ ನಡುವೆ ಕಪ್ಪು ಜನರದೇ ಒಂದು ಪಾರ್ಕಿಂಗ್ ಜಾಗವಿತ್ತು, ಅದೇ ಅವರ ಬಸ್ ಸ್ಟ್ಯಾಂಡ್. ಸಾರಿಗೆ ಸಮಿತಿಗೆ ರೂಫಸ್ ಲೂಯಿಸ್ ಮುಖ್ಯಸ್ಥರು. ನಿಮ್ಮ ಸೀಟಿನಲ್ಲಿ ಕುಳಿತವರು ಅವರೇ ಅನ್ನಿ.

ಮೊದಲ ಬೇಡಿಕೆ ಪ್ರತ್ಯೇಕ ಸೀಟಿನ ಪದ್ಧತಿ ತೆಗೆಯಿರಿ ಎಂದೂ ಇರಲಿಲ್ಲ. ಮರ್ಯಾದೆಯಿಂದ ಮಾತಾಡಿಸಿ, ಕಪ್ಪು ಜನ ಹಿಂದಿನಿಂದ, ಬಿಳಿಯರು ಮುಂದಿನಿಂದ, ಮೊದಲು ಬಂದವರು ಮೊದಲು ಕೂರಲಿ, ನಮ್ಮ ಬಡಾವಣೆಗಳ ಕಡೆ ನಮ್ಮವರನ್ನೂ ಡ್ರೈವರ್ ಮಾಡಿ. ಅಷ್ಟೇ. ಅದನ್ನೂ ಒಪ್ಪಲಿಲ್ಲ.

---

ಸಿಗ್ನಲ್_ಜಂಪ್ (ಬೆಂಗಳೂರು → ಅಟ್ಲಾಂಟಾ)

ಇನ್ಶೂರೆನ್ಸ್ ಬಗ್ಗೆ ನಾನು ಹೇಳ್ತೀನಿ ಅಂಕಲ್, ಹೊಟ್ಟೆಪಾಡು ಅದೇ. ನಾನು ಇನ್ಶೂರೆನ್ಸ್ ಕಂಪನಿಗಳ ಸಾಫ್ಟ್‌ವೇರ್ ಬರೆಯೋನು.

ಚರ್ಚುಗಳು ಒಂದೊಂದಾಗಿ ಸ್ಟೇಷನ್ ವ್ಯಾಗನ್ ತಗೊಂಡ್ವು, ಹದಿನೈದಕ್ಕೂ ಜಾಸ್ತಿ. ಪಕ್ಕದಲ್ಲಿ ಆಯಾ ಚರ್ಚಿನ ಹೆಸರು. ನೀವು ಮ್ಯೂಸಿಯಂನಲ್ಲಿ ನೋಡಿದ್ದು ಆ ತರಹದ್ದೇ. ಚರ್ಚಿನ ಗಾಡಿ ಅಂದ್ಮೇಲೆ ಬಾಡಿಗೆ ಗಾಡಿ ಅಂತ ಹಿಡಿಯೋದು ಕಷ್ಟ. ಹಾಗಾಗಿ ವಿಮೆ ಮೇಲೆ ಕೈ ಹಾಕಿದ್ರು. 1956ರಲ್ಲಿ ಅಲ್ಲಿನ ಕಂಪನಿಗಳು ಪಾಲಿಸಿ ಕ್ಯಾನ್ಸಲ್ ಮಾಡ್ತಾ ಬಂದ್ವು. ವಿಮೆ ಇಲ್ದೆ ಗಾಡಿ ರಸ್ತೆಗೆ ಇಳಿಸೋ ಹಾಗಿಲ್ಲ. ಆಗ ನಮ್ಮ ಅಟ್ಲಾಂಟಾದ ಏಜೆಂಟ್ ಟಿ.ಎಂ. ಅಲೆಕ್ಸಾಂಡರ್, ಅವರೂ ಕಪ್ಪು ಸಮುದಾಯದವರೇ, ಲಂಡನ್ನಿನ ಲಾಯ್ಡ್ಸ್‌ನಿಂದ ಪಾಲಿಸಿ ಮಾಡಿಸಿಕೊಟ್ರು. ಅಲಬಾಮಾದ ಚರ್ಚ್ ವ್ಯಾನಿಗೆ ಸಮುದ್ರದಾಚೆಯಿಂದ ವಿಮೆ!

ಆದ್ರೆ ಒಂದು ಮಾತು, ಬೇಜಾರಾಗಬೇಡಿ. ಕೊನೆಗೆ ಗೆಲ್ಲಿಸಿದ್ದು ಕೋರ್ಟು. ವಕೀಲ ಫ್ರೆಡ್ ಗ್ರೇ ಹಾಕಿದ 'ಬ್ರೌಡರ್ ವಿರುದ್ಧ ಗೇಲ್' ಕೇಸು, ಅದರಲ್ಲಿ ಮೇಡಂ ಹೇಳಿದ ಕಾಲ್ವಿನ್ ಕೂಡ ಅರ್ಜಿದಾರೆ. 1956ರ ಜೂನ್ 5ಕ್ಕೆ ಫೆಡರಲ್ ಕೋರ್ಟು 2–1ರಲ್ಲಿ, ಬಸ್ಸಲ್ಲಿ ಬಿಳಿಯರು-ಕಪ್ಪು ಜನ ಬೇರೆ ಬೇರೆ ಕೂರಬೇಕು ಅನ್ನೋ ಕಾನೂನು ಸಂವಿಧಾನಕ್ಕೆ ವಿರುದ್ಧ ಅಂತು, ನವೆಂಬರ್ 13ಕ್ಕೆ ಸುಪ್ರೀಂ ಕೋರ್ಟ್ ಎತ್ತಿಹಿಡೀತು. ಯಾರೂ ನಡೀದೇ ಇದ್ದಿದ್ರೂ ಈ ತೀರ್ಪು ಬರ್ತಿತ್ತು. ಬಸ್ ಕಂಪನಿಗಂತೂ ಹಟ ಇರಲಿಲ್ಲ. ಮಾಲೀಕರು ಷಿಕಾಗೋದವರು, ಏಪ್ರಿಲ್‌ನಲ್ಲೇ ಇನ್ನು ನಾವು ಯಾರನ್ನೂ ಎಬ್ಬಿಸಲ್ಲ ಅಂದುಬಿಟ್ರು. ನಗರಸಭೆಯೇ ಕೋರ್ಟಿಗೆ ಹೋಗಿ ಎಬ್ಬಿಸಲೇಬೇಕು ಅಂತ ಆದೇಶ ತಂತು. ಹಾಗಿರೋವಾಗ ಕಾರು ಓಡಿಸಿದ್ರಿಂದ ಏನಾಯ್ತು?

---

ಡಿಪೋಕಾಕಾ

ಮೇಡಂ ಅವರ ಬರಹ ಎರಡು ಸಲ ಓದೀನಿ. ಸೊಸಿಗೂ ಓದಿಸೀನಿ. 48 ಜಾಗಾ, 42 ಜಾಗಾ ಅಂದ್ರಲ್ಲ, ಮುಂಜಾನಿ ಲೋಡ್ ಬ್ಯಾರೆ, ಸಂಜೀ ಲೋಡ್ ಬ್ಯಾರೆ ಅಂತ ತಿಳದು ಹಚ್ಚ್ಯಾರ. ಮುಂಜಾನಿ ಮಂದಿ ಓಣಿ ಓಣಿಯಿಂದ ಬರ್ತಾರ, ಸಂಜಿಕೆ ಕೆಲಸದ ಜಾಗಾದಿಂದ ಹೊಂಡ್ತಾರ. ಇದನ್ನ ತಿಳಕೊಳ್ಳಾಕ ಹೊಸಾ ಆಫೀಸರಗೋಳಿಗೆ ವರ್ಷ ಬೇಕಾಗತಿತ್ತು. ಇವರು ಎಂಟ-ಹತ್ತು ದಿನದಾಗ ಮಾಡ್ಯಾರ.

ತಮ್ಮಾ ಅಟ್ಲಾಂಟಾ, ಬೇಜಾರ ಯಾಕ ಆಗಲಿ. ಆದ್ರ ನಿನ್ನ ಲೆಕ್ಕದಾಗ ಒಂದು ಟ್ರಿಪ್ ಬಿಟ್ಟೈತಿ. ನೀ ಹೇಳಿದ ನವೆಂಬರ್ 13. ನಿನ್ನಿ ಇಲ್ಲಿನ ಲೈಬ್ರರಿಯಾಗ ಮಗನ ಕೂಡ ಕುಂತು ಓದಿಸಿಕೊಂಡೆ. ಅವತ್ತ ಇಲ್ಲಿ ಊರ ಕೋರ್ಟಿನಾಗ ಕಾರಿನ ವ್ಯವಸ್ಥಾ ಬಂದ್ ಮಾಡ್ರಿ ಅಂತ ನಗರಸಭೆಯವರು ಹಾಕಿದ್ದ ಕೇಸಿನ ವಿಚಾರಣಿ ನಡದಿತ್ತು. ಕಿಂಗ್ ಅಲ್ಲೆ ಕುಂತಿದ್ದ್ರು. ನಡುವ ಬಿಡುವಿನಾಗ ಒಬ್ಬ ಪತ್ರಕರ್ತ ಬಂದು ಚೀಟಿ ಕೊಟ್ಟ: ಸುಪ್ರೀಂ ಕೋರ್ಟಿನಾಗ ಗೆದ್ದೀರಿ. ಆದ್ರೂ ಆ ಜಡ್ಜ್ ಅವತ್ತ ಕಾರು ಬಂದ್ ಮಾಡೇ ಬಿಟ್ಟ. ಗೆದ್ದ ದಿನಾನ ಗಾಡಿ ಹೋದ್ವು!

ತೀರ್ಪಿನ ಕಾಗದ ವಾಷಿಂಗ್ಟನ್ನಿಂದ ಊರಿಗೆ ಬಂದು ಮುಟ್ಟಿದ್ದು ಡಿಸೆಂಬರ್ 20ಕ್ಕ. ನಡುವ ಐದು ವಾರ. ವ್ಯಾಗನ್ ಇಲ್ಲ, ಸ್ಟಾಪ್ ಇಲ್ಲ, ಕಂಟ್ರೋಲರ್ ಇಲ್ಲ. ಆದ್ರೂ ಮಂದಿ ಬಸ್ ಹತ್ತಲಿಲ್ಲ. ಆಯಾ ಓಣಿಯವರು ತಾವ ಹೊಂದಿಸಿಕೊಂಡ್ರು, ಉಳದವರು ನಡದ್ರು. ಹನ್ನೊಂದು ತಿಂಗಳು ಗಾಡಿ ಓಡಿಸಿದ್ದಕ್ಕ ಆ ರೂಢಿ ಬಂದಿತ್ತು ಅಂತ ನನ್ನ ಅನಿಸಿಕೆ. ಮೇಡಂ ಹೇಳಿದ ಬ್ಯಾಟನ್ ರೂಜಿನಾಗ ಒಂದ ವಾರದಾಗ ರಾಜಿ ಆಗಿ ಮುಗದಿತ್ತು. ವಾರದಾಗ ಇಲ್ಲೂ ಮುಗದಿದ್ರ ಕೇಸು ನಡಸಾಕ ಧೈರ್ಯಾ ಯಾರಿಗಿರತಿತ್ತು?

ಆ ಡ್ರೈವರಗೋಳನ್ನ ಪೊಲೀಸರು ಹೆಂಗ ಕಾಡ್ಯಾರ ಅಂತೀರಿ. ಕಿಂಗ್ ಅವರನ್ನ ಜನವರಿಯಾಗ ಹಿಡದು ಜೇಲಿಗೆ ಒಯ್ದಿದ್ದು ಯಾಕ ಗೊತ್ತೇನು? 25 ಮೈಲಿ ಮಿತಿ ಇದ್ದಲ್ಲೆ 30ರಾಗ ಹೊಂಟಿದ್ದ್ರಂತ. ಗಾಡಿಯೊಳಗ ಮಂದಿ ಕುಂತಿದ್ರು. ನಾಲ್ಕ ದಿನಕ್ಕ ಅವರ ಮನಿಗೆ ಬಾಂಬ್ ಬಿತ್ತು.

ಬಸ್ ಕಂಪನಿ ಸುದ್ದಿ ಕೇಳಿದ್ರ ನಗಿ ಬರತೈತಿ. ಕಲೆಕ್ಷನ್ ಬಿತ್ತು ಅಂತ ಜನವರಿಯಾಗ ಟಿಕೀಟು 10 ಸೆಂಟಿಂದ 15 ಮಾಡಿದ್ರು. ಬರದಿದ್ದ ಪ್ಯಾಸೆಂಜರಿಗೆ ರೇಟ್ ಏರಿಸಿದಂಗ. ಇಂಥಾ ಐಡಿಯಾ ಎಲ್ಲಾ ದೇಶದ ಆಫೀಸಿನಾಗೂ ಹುಟ್ಟತಾವ ಅಂತ ಗೊತ್ತಾತು.

ಪೆಟ್ರೋಲಿನ ರೊಕ್ಕಾ ಎಲ್ಲಿಂದ ಅನ್ನೂದು ಇನ್ನೂ ಯಾರೂ ಹೇಳಿಲ್ಲ.

---

ಹೂರಣಮನೆ (ಬರ್ಮಿಂಗ್‌ಹ್ಯಾಮ್, ಅಲಬಾಮಾ)

ಪೆಟ್ರೋಲಿನ ದುಡ್ಡು ಅಡುಗೆಮನೆಯಿಂದ ಬಂತು ಕಾಕಾ. ಪೂರ್ತಿ ಅಲ್ಲ, ದೇಶದ ತುಂಬಾ ಚರ್ಚುಗಳಿಂದ, ಸಂಘಗಳಿಂದ ಚಂದಾ ಬರುತ್ತಿತ್ತು. ಆದರೆ ಊರೊಳಗಿನ ದುಡ್ಡು ಅಂದರೆ ನನಗೆ ನೆನಪಾಗುವುದು ಜಾರ್ಜಿಯಾ ಗಿಲ್ಮೋರ್. ನಾನು ಇಲ್ಲಿ ಕನ್ನಡದವರ ಮನೆಗಳಿಗೆ ಹೋಳಿಗೆ, ಚಕ್ಕುಲಿ ಮಾಡಿಕೊಡುತ್ತೇನೆ, ಅದಕ್ಕೇ ಈಕೆಯ ಮೇಲೆ ನನಗೆ ಒಂದು ಗುಟ್ಟಿನ ಪ್ರೀತಿ.

ಊಟದ ಅಂಗಡಿಯೊಂದರಲ್ಲಿ ಅಡುಗೆಯವಳು, ಆರು ಮಕ್ಕಳ ತಾಯಿ, ಸೂಲಗಿತ್ತಿಯೂ ಹೌದು. ಡ್ರೈವರ್ ಒಬ್ಬ ದುಡ್ಡು ತೆಗೆದುಕೊಂಡು ಹಿಂದಿನ ಬಾಗಿಲಿಗೆ ಕಳಿಸಿ ಗಾಡಿ ಬಿಟ್ಟುಕೊಂಡು ಹೋದನಂತೆ. ನಿಮಗೆ ಸಿಟ್ಟು ತರಿಸಿದ ಅದೇ ಕತೆ. ಅವತ್ತೇ ಇನ್ನು ಈ ಬಸ್ ಹತ್ತಲ್ಲ ಅಂತ ನಿಶ್ಚಯ ಮಾಡಿದ್ದಳು. ಊರಿನವರು ಬಹಿಷ್ಕಾರ ಮಾಡುವುದಕ್ಕೂ ಮೊದಲೇ!

ಹೋಲ್ಟ್ ಸ್ಟ್ರೀಟ್ ಚರ್ಚಿನಲ್ಲಿ ನಡೆಯುತ್ತಿದ್ದ ಬಹಿಷ್ಕಾರದ ಸಭೆಗಳಲ್ಲಿ ಕೋಳಿ ಸ್ಯಾಂಡ್‌ವಿಚ್ ಮಾರಲು ಶುರು ಮಾಡಿದಳು. ಆಮೇಲೆ ಒಂದಷ್ಟು ಹೆಂಗಸರನ್ನು ಸೇರಿಸಿಕೊಂಡು ಮನೆಮನೆಯಲ್ಲಿ ಪೈ, ಕೇಕ್, ಊಟ ತಯಾರಿಸಿ ಕ್ಷೌರದಂಗಡಿ, ಬ್ಯೂಟಿ ಪಾರ್ಲರ್, ಟ್ಯಾಕ್ಸಿ ನಿಲ್ದಾಣಗಳಲ್ಲಿ ಮಾರಿದರು. ಗುಂಪಿಗೆ ಇಟ್ಟ ಹೆಸರು 'ಎಲ್ಲಿಂದಲೂ ಅಲ್ಲದ ಕ್ಲಬ್'. ಯಾಕೆಂದರೆ ಆ ಹೆಂಗಸರಲ್ಲಿ ಎಷ್ಟೋ ಜನ ಬಿಳಿಯರ ಮನೆಯ ಕೆಲಸದವರು, ಹೆಸರು ಹೊರಬಿದ್ದರೆ ಕೆಲಸ ಹೋಗುತ್ತದೆ. ದುಡ್ಡು ಎಲ್ಲಿಂದ ಬಂತು ಅಂತ ಕೇಳಿದರೆ ಎಲ್ಲಿಂದಲೂ ಇಲ್ಲ ಅಂದರಾಯಿತು, ಸುಳ್ಳೂ ಅಲ್ಲ! ವಾರಕ್ಕೆ ನೂರಿಪ್ಪತ್ತೈದು, ಒಮ್ಮೊಮ್ಮೆ ಇನ್ನೂರು ಡಾಲರ್ ತನಕ ಸಭೆಯಲ್ಲಿ ತಂದು ಸುರಿಯುತ್ತಿದ್ದರು. ಊರಿನ ಇನ್ನೊಂದು ಭಾಗದಲ್ಲಿ ಇನೆಜ್ ರಿಕ್ಸ್ ಎಂಬಾಕೆ ಪೈಪೋಟಿಗೆ 'ಸ್ನೇಹ ಕ್ಲಬ್' ತೆಗೆದಳು. ಈ ವಾರ ಯಾರದು ಜಾಸ್ತಿ ಅಂತ ಸಭೆಯಲ್ಲಿ ಜನಕ್ಕೆ ಅದೇ ಮೋಜು. ಹತ್ತು ಸೆಂಟಿನ ಲೆಕ್ಕದಲ್ಲಿ ಇನ್ನೂರು ಡಾಲರ್ ಅಂದರೆ ಎರಡು ಸಾವಿರ ಬಸ್ ಟಿಕೆಟ್ಟು ಕಾಕಾ, ನೀವೇ ಗುಣಿಸಿ ನೋಡಿ.

1956ರ ಮಾರ್ಚ್‌ನಲ್ಲಿ, ಬಹಿಷ್ಕಾರ ನಡೆಸಿದ್ದಕ್ಕೆ ಕಿಂಗ್ ಮೇಲೆ ಹೂಡಿದ ಮೊಕದ್ದಮೆಯಲ್ಲಿ ಆ ಡ್ರೈವರನ ವಿಷಯ ಕೋರ್ಟಿನಲ್ಲಿ ಹೇಳಿದಳು, ಕೆಲಸ ಹೋಯಿತು. ಕಿಂಗ್ ಅವರ ಒತ್ತಾಸೆಯಿಂದ ಮನೆಯಲ್ಲೇ ಊಟ ಹಾಕಲು ಶುರು ಮಾಡಿದಳು. ಮುಂದೆ ಆ ಊಟದ ಮೇಜೇ ಚಳವಳಿಯವರ ಗುಪ್ತ ಮಾತುಕತೆಯ ಜಾಗವಾಯಿತು. 1990ರಲ್ಲಿ ತೀರಿಕೊಂಡಾಗಲೂ ಮತದಾನದ ಹಕ್ಕಿಗಾಗಿ ನಡೆದಿದ್ದ ಸೆಲ್ಮಾ ಪಾದಯಾತ್ರೆಯ 25ನೇ ವರ್ಷದ ನೆನಪಿಗೆ ಬರುವವರಿಗೆ ಅಡುಗೆ ಮಾಡುತ್ತಿದ್ದಳು. ಮಾಡಿಟ್ಟ ಅಡುಗೆಯನ್ನು ಸಾವಿಗೆ ಬಂದವರಿಗೆ ಬಡಿಸಿದರು.

ಇನ್ನೊಂದು ತಮಾಷೆ. ಕೆಲಸದವಳು ಬರದಿದ್ದರೆ ಬಿಳಿ ಮನೆಯೊಡತಿಗೂ ಕಷ್ಟ ತಾನೆ? ಎಷ್ಟೋ ಜನ ತಾವೇ ಕಾರು ತೆಗೆದುಕೊಂಡು ಹೋಗಿ ಕರೆತರುತ್ತಿದ್ದರು. ಹಾಗೆ ಮಾಡಬೇಡಿ, ಬಹಿಷ್ಕಾರಕ್ಕೆ ಸಹಾಯ ಮಾಡಿದ ಹಾಗಾಗುತ್ತದೆ ಅಂತ ಮೇಯರ್ ಬಹಿರಂಗವಾಗಿ ಕೇಳಿಕೊಂಡ. ಹಾಗಾದರೆ ಪಾತ್ರೆ ತೊಳೆಯಲು ಮೇಯರೇ ಬರಲಿ ಅಂದವರು ಇದ್ದರು. ಎಲ್ಲ ಊರಲ್ಲೂ ಒಂದೇ ನೋಡಿ, ಕೆಲಸದವಳ ವಿಷಯಕ್ಕೆ ಬಂದರೆ ಸಿದ್ಧಾಂತ ಹಿತ್ತಲಲ್ಲಿ.

---

ಡಿಪೋಕಾಕಾ

ತಂಗಿ, ಎರಡು ಸಾವಿರ ಟಿಕೀಟು ಸರಿ ಐತಿ. ಆದ್ರ ಗಾಡಿಗೆ ಪೆಟ್ರೋಲ್ ಅಷ್ಟ ಅಲ್ಲ, ಟಾಯರ್, ಆಯಿಲ್, ರಿಪೇರಿ ಎಲ್ಲಾ ಬರತಾವ. ವರ್ಷಗಟ್ಲೆ ದಿನಾ ಸ್ಟಾರ್ಟ್-ಸ್ಟಾಪ್ ಓಡಿದ ಗಾಡೀದು ಕ್ಲಚ್ ಪ್ಲೇಟ್ ಏನಾಗಿರಬಾರದು! ಅದನ್ನೆಲ್ಲಾ ಕೋಳಿ ಮಾರಿ ತುಂಬ್ಯಾರ ಅಂದ್ರ ದೊಡ್ಡದು.

ನಿನ್ನಿ ಇನ್ನೊಂದು ಓದಿದೆ, ಅದನ್ನ ಹೇಳಿ ಮುಗಸ್ತೀನಿ. ಪಾರ್ಕ್ಸ್ ಕುಂತಿದ್ದ ಖರೇ ಬಸ್ಸು ಎಲ್ಲೈತಿ ಅಂತ ಭಾಳ ವರ್ಷ ಖಾತ್ರಿ ಇರಲಿಲ್ಲ. ಕಂಪನಿಯವರು ಹಳೇ ಗಾಡಿ ಮಾರಿಬಿಟ್ಟಿದ್ದ್ರು. ಕೊಂಡಂವ ಹೊಲದಾಗ ನಿಲ್ಲಿಸಿ ಅದರಾಗ ಕಟಗಿ, ಸಾಮಾನು ಇಟ್ಟಿದ್ದ. ಕಿಟಕಿ ಇಲ್ಲ, ಎಂಜಿನ್ ಇಲ್ಲ. ಇದ ಆ ಬಸ್ಸು ಅಂತ ಗೊತ್ತಾಗಿದ್ದು ಹೆಂಗ ಅಂದ್ರ, ಆಗಿನ ಬಸ್ ಸ್ಟೇಷನ್ನಿನ ಮ್ಯಾನೇಜರ್ ಪೇಪರಿನ ತುಣುಕು ಕತ್ತರಿಸಿ ಒಂದು ವಹಿಯಾಗ ಹಚ್ಚಿ ಇಟ್ಟಿದ್ದ. ಅರೆಸ್ಟಿನ ಸುದ್ದಿ ಬಾಜೂಕ ಪೆನ್ನಿಲೆ ಬರದಿದ್ದ: ಬ್ಲೇಕ್, 2857. ಡ್ರೈವರನ ಹೆಸರು, ಗಾಡಿ ನಂಬರ್. ಅಷ್ಟ. ಕೈಬರಹ ಪರೀಕ್ಷಾ ಮಾಡಿಸಿ ಖಾತ್ರಿ ಮಾಡಿಕೊಂಡ್ರು. 2001ರಾಗ ಮಿಷಿಗನ್ನಿನ ಡಿಯರ್‌ಬಾರ್ನಿನ ಹೆನ್ರಿ ಫೋರ್ಡ್ ಮ್ಯೂಸಿಯಂ ಆ ಗಾಡೀನ್ನ 4,92,000 ಡಾಲರಿಗೆ ಹರಾಜಿನಾಗ ಹಿಡೀತು.

ಆ ಮ್ಯಾನೇಜರ್ ಯಾವ ಕಡೆಯಂವ ಇದ್ನೋ ನನಗ ಬೇಕಾಗಿಲ್ಲ. ಆದ್ರ ಏನಾರ ತಕರಾರಾದ್ರ ಮೊದಲ ಗಾಡಿ ನಂಬರ್ ಬರಕೊಳ್ಳೂದು, ಡ್ರೈವರನ ಹೆಸರು ಬರಕೊಳ್ಳೂದು. ಆ ಚಟ ನನಗೂ ಐತಿ. ನಾ ಟಿ.ಸಿ. ಆಗಿದ್ದಾಗಿನ ಸಣ್ಣ ಡೈರಿ ಎಲ್ಲಾ ಹುಬ್ಬಳ್ಳಿ ಮನ್ಯಾಗ ಟ್ರಂಕಿನಾಗ ಅದಾವ. ರದ್ದಿಗೆ ಹಾಕೂದು ಅಂತ ಮನೀಯಾಕಿ ವರ್ಷಾ ದೀಪಾವಳಿಗೆ ಗಂಟು ಬೀಳ್ತಾಳ. ಈ ಸುದ್ದಿ ಫೋನಿನಾಗ ಹೇಳೀನಿ, ಈ ವರ್ಷ ಉಳದಾವು.

ಮುಂದಿನ ತಿಂಗಳ ಡೆಟ್ರಾಯಿಟ್ ಕಡೆ ಬೀಗರ ಮನಿಗೆ ಹೋಗೂದೈತಿ. ಆ ಗಾಡಿಯೊಳಗ ಹತ್ತಾಕ ಬಿಡ್ತಾರೋ, ಹೊರಗಿಂದ ನೋಡಬೇಕೋ? ಆ ಕಡೆ ಇದ್ದವರು ತಿಳಸ್ರಿ.

---

ಅಪ್ಪೆಮಿಡಿ (ಶಿರಸಿ → ಮಿಷಿಗನ್)

ಹತ್ತಲು ಬಿಡುತ್ತಾರೆ ಕಾಕಾ, ಸೀಟಿನಲ್ಲಿ ಕೂರಲೂ ಬಿಡುತ್ತಾರೆ. ಮುಂದಿನ ಬಾಗಿಲಿನಿಂದ.